ಕುವೆಂಪು ಅವರಿಗೆ ‘ಕನ್ನಡದಲ್ಲಿ ಬರೀರಿ’ ಅಂದ ಆ ಐರಿಷ್ ಕವಿ ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತು ನಿಮಗೆ ಗೊತ್ತಿರೋ ಒಂದು ಕಥೆಯಿಂದಲೇ ಶುರು ಮಾಡ್ತೀನಿ. ಇಸವಿ 1924, ಊರು ಮೈಸೂರು. 19 ವರ್ಷದ ಒಬ್ಬ ವಿದ್ಯಾರ್ಥಿ ತಾನು ಇಂಗ್ಲಿಷಿನಲ್ಲಿ ಬರೆದ ಕವನಗಳನ್ನು ಹಿಡ್ಕೊಂಡು ಒಬ್ಬ ವಿದೇಶಿ ಕವಿಯನ್ನು ನೋಡೋಕೆ ಹೋಗ್ತಾರೆ. ಹೊಗಳ್ತಾರೆ ಅಂತ ನಿರೀಕ್ಷೆ. ಆ ಕವಿ ಹಾಳೆಗಳನ್ನು ತಿರುವಿ ಹಾಕಿ, ಇದೆಲ್ಲ ಏನು, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಅಂತ ಕೇಳ್ತಾರೆ. ಹುಡುಗನಿಗೆ ಬೇಜಾರಾಗತ್ತೆ. ಕನ್ನಡದಲ್ಲಿ ಹೊಸ ಭಾವನೆಗಳಿಗೆ ತಕ್ಕ ಛಂದಸ್ಸು ಇಲ್ಲ ಅಂತ ವಾದ ಮಾಡ್ತಾರೆ. ಯಾವ ಭಾಷೆಗೂ ಆ ಶಕ್ತಿ ಇಲ್ಲದೆ ಇರಲ್ಲ, ಬೇಕಾದ ರೂಪಗಳನ್ನು ನೀವೇ ತರಬೇಕು, ಟ್ಯಾಗೋರ್ ಬಂಗಾಳಿಯಲ್ಲಿ ಮಾಡಿ ತೋರಿಸಲಿಲ್ಲವೇ ಅನ್ನೋ ಅರ್ಥದ ಉತ್ತರ ಬರತ್ತೆ.

ಆ ವಿದ್ಯಾರ್ಥಿ ಕುವೆಂಪು. ಅವರೇ ಇದನ್ನು ತಮ್ಮ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಬರೆದುಕೊಂಡಿದ್ದಾರೆ. ಮುಂದೆ ಏನಾಯ್ತು ಅನ್ನೋದು ನಮಗೆಲ್ಲ ಗೊತ್ತು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದುಕೊಟ್ಟವರು ಅವರು.

ಆದರೆ ಆ ಕಥೆಯಲ್ಲಿ ಇನ್ನೊಬ್ಬರೂ ಇದ್ದಾರಲ್ಲ? ಪಾಠದಲ್ಲಿ ಒಂದು ಸಾಲಲ್ಲಿ ಬಂದು ಹೋಗ್ತಾರೆ: ‘ಐರಿಷ್ ಕವಿ ಜೇಮ್ಸ್ ಕಸಿನ್ಸ್’. ನಾನು ಪರೀಕ್ಷೆಗೆ ಆ ಹೆಸರನ್ನು ಬಾಯಿಪಾಠ ಮಾಡಿದ್ದೆ, ಅಷ್ಟೇ. ಐರ್ಲೆಂಡಿನ ಕವಿಗೆ ಮೈಸೂರಲ್ಲಿ ಏನು ಕೆಲಸ? ಇಂಗ್ಲಿಷಿನಲ್ಲೇ ಬರೆಯುತ್ತಿದ್ದ ಮನುಷ್ಯ ಇನ್ನೊಬ್ಬರಿಗೆ ಇಂಗ್ಲಿಷ್ ಬೇಡ ಅಂತ ಯಾಕೆ ಹೇಳ್ತಾರೆ? ಈ ಪ್ರಶ್ನೆ ನನಗೆ ಬಂದಿದ್ದು ತೀರಾ ಇತ್ತೀಚೆಗೆ, ಅವರ ನೆನಪುಗಳ ಪುಸ್ತಕ ಕೈಗೆ ಸಿಕ್ಕಾಗ.

ಪುಸ್ತಕದ ಹೆಸರು ‘ವಿ ಟೂ ಟುಗೆದರ್’. ‘ನಾವಿಬ್ಬರೂ ಜೊತೆಯಾಗಿ’ ಅನ್ನಬಹುದು. 1950ರಲ್ಲಿ ಮದ್ರಾಸಿನಲ್ಲಿ ಅಚ್ಚಾದ, ಏಳುನೂರಕ್ಕೂ ಹೆಚ್ಚು ಪುಟಗಳ ದಪ್ಪ ಪುಸ್ತಕ. ಇದರ ವಿಶೇಷ ಏನಂದ್ರೆ ಬರೆದವರು ಇಬ್ಬರು, ಜೇಮ್ಸ್ ಮತ್ತು ಅವರ ಹೆಂಡತಿ ಮಾರ್ಗರೆಟ್. ಸ್ವಲ್ಪ ಇವರು, ಸ್ವಲ್ಪ ಅವರು ಅಂತ ಸರದಿಯ ಮೇಲೆ ಮಾತಾಡ್ತಾ ಹೋಗ್ತಾರೆ. ಒಂದಷ್ಟು ಕಥೆ ಐರ್ಲೆಂಡಿನದು, ಒಂದಷ್ಟು ನಮ್ಮ ದೇಶದ್ದು.

ಮೊದಲು ಐರ್ಲೆಂಡಿಗೆ ಹೋಗೋಣ.

ಜೇಮ್ಸ್ ಹುಟ್ಟಿದ್ದು 1873ರಲ್ಲಿ, ಬೆಲ್‌ಫಾಸ್ಟ್ ಅನ್ನೋ ಊರಲ್ಲಿ. ಹಡಗು ಕಟ್ಟುವ ಕಾರ್ಖಾನೆಗಳ ಊರು ಅದು. ಬಡ ಕುಟುಂಬ, ಮನೆಮಾತು ಇಂಗ್ಲಿಷ್. ಹಾಗಾದ್ರೆ ಐರ್ಲೆಂಡಿಗೆ ಅಂತ ಬೇರೆ ಭಾಷೆ ಇಲ್ವಾ ಅಂದ್ರೆ, ಇದೆ. ಐರಿಷ್ ಭಾಷೆ. ಇಂಗ್ಲಿಷಿಗೂ ಅದಕ್ಕೂ ಬಹಳ ದೂರ. ಸಾವಿರ ವರ್ಷಕ್ಕೂ ಹಳೆಯ ಸಾಹಿತ್ಯ ಇರುವ ಭಾಷೆ. ಆದರೆ 19ನೇ ಶತಮಾನದಲ್ಲಿ ಅದು ಜನರ ಬಾಯಿಂದ ಜಾರಿ ಹೋಗ್ತಾ ಇತ್ತು.

ಇದಕ್ಕೆ ಕಾರಣ ಒಂದೇ ಅಲ್ಲ. 1831ರಲ್ಲಿ ಶುರುವಾದ ಸರ್ಕಾರಿ ಶಾಲೆಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಭೀಕರ ಬರಗಾಲ ಬಂತು. ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಹೆಚ್ಚು ಪೆಟ್ಟು ತಿಂದವರು ಐರಿಷ್ ಮಾತಾಡುತ್ತಿದ್ದ ಬಡವರು. ಉಳಿದವರಿಗೆ ಒಂದು ಅರ್ಥವಾಯ್ತು: ಮಕ್ಕಳು ಅಮೆರಿಕಕ್ಕೆ ಹೋಗಿ ಬದುಕಬೇಕಾದ್ರೆ ಇಂಗ್ಲಿಷ್ ಬೇಕು. 1851ರ ಜನಗಣತಿಯಲ್ಲಿ ಐರಿಷ್ ಬಲ್ಲವರು ಸುಮಾರು 15 ಲಕ್ಷ. 1901ಕ್ಕೆ ಆ ಸಂಖ್ಯೆ ಸುಮಾರು 6.4 ಲಕ್ಷಕ್ಕೆ ಇಳಿದಿತ್ತು. ಐವತ್ತೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಡಿಮೆಯಾಗಿದ್ದರು.

ಇದರಲ್ಲಿ ನನಗೆ ಹೆಚ್ಚು ಚುಚ್ಚಿದ್ದು ಒಂದು ಕೋಲಿನ ವಿಷಯ. ಆ ಕಾಲದಲ್ಲಿ ಐರ್ಲೆಂಡಿನ ಹಲವು ಕಡೆ ಮಕ್ಕಳ ಕೊರಳಿಗೆ ಒಂದು ಮರದ ಕೋಲು ಕಟ್ಟುತ್ತಿದ್ದರು. ಮಗು ಐರಿಷ್ ಮಾತಾಡಿದಾಗಲೆಲ್ಲ ಅದರ ಮೇಲೆ ಒಂದು ಗೀಟು. ಕೊನೆಗೆ ಗೀಟು ಎಣಿಸಿ ಅಷ್ಟು ಏಟು. ಇದನ್ನು ಮಾಡ್ತಾ ಇದ್ದವರು ಮೇಷ್ಟ್ರು ಮಾತ್ರ ಅಲ್ಲ. ಅಪ್ಪ ಅಮ್ಮನೂ ಸೇರಿಕೊಂಡಿದ್ದರು. ಮಕ್ಕಳ ಒಳ್ಳೇದಕ್ಕೇ ಅಂತ.

ನಾನು ಓದಿದ ಶಾಲೆಯಲ್ಲಿ ಕೋಲು ಇರಲಿಲ್ಲ, ದಂಡ ಇತ್ತು. ಕ್ಯಾಂಪಸ್ಸಲ್ಲಿ ಕನ್ನಡ ಮಾತಾಡಿದ್ರೆ ಐದು ರೂಪಾಯಿ. ಹೆಸರು ಬರ್ಕೊಳ್ಳೋದು ಕ್ಲಾಸ್ ಲೀಡರ್ ಕೆಲಸ. ಏಳನೇ ಕ್ಲಾಸಲ್ಲಿ ಆ ಲೀಡರ್ ನಾನೇ. ಪಕ್ಕದ ಬೆಂಚಿನ ಗೆಳತಿ ಬಿದ್ದು ಮಂಡಿ ತರಚಿಕೊಂಡು ‘ಅಮ್ಮಾ’ ಅಂದಿದ್ದಕ್ಕೂ ಅವಳ ಹೆಸರು ಬರೆದಿದ್ದೀನಿ. ನಮ್ಮಮ್ಮನಿಗೆ ಈ ನಿಯಮದ ಬಗ್ಗೆ ಗೊತ್ತಿತ್ತು, ಒಳ್ಳೇದೇ ಆಯ್ತು ಅಂದ್ಕೊಂಡಿದ್ರು. ಅವರನ್ನು ದೂರೋಕೆ ನನಗೆ ಮನಸ್ಸು ಬರಲ್ಲ. ಆ ಐರಿಷ್ ಅಪ್ಪ ಅಮ್ಮಂದಿರನ್ನೂ ದೂರೋಕೆ ಆಗಲ್ಲ. ಹಸಿವು ನೋಡಿದವರು ಅವರು.

ಸರಿ, ಮತ್ತೆ ಜೇಮ್ಸ್ ಹತ್ರ ಬರೋಣ. 1897ರಲ್ಲಿ ಅವರು ಗುಮಾಸ್ತರ ಕೆಲಸ ಹುಡ್ಕೊಂಡು ಡಬ್ಲಿನ್‌ಗೆ ಬರ್ತಾರೆ. ಅವರು ಬಂದ ಕಾಲ ಸರಿಯಾಗಿತ್ತು. ನಾಲ್ಕು ವರ್ಷದ ಹಿಂದೆ, 1893ರಲ್ಲಿ, ಐರಿಷ್ ಭಾಷೆಯನ್ನು ಉಳಿಸಬೇಕು ಅಂತ ಗೇಲಿಕ್ ಲೀಗ್ ಅನ್ನೋ ಸಂಘ ಹುಟ್ಟಿತ್ತು. ಡಬ್ಲಿನ್‌ನಲ್ಲಿ ಕವಿಗಳು, ನಾಟಕಕಾರರು, ಚಿತ್ರಕಾರರು ಎಲ್ಲ ಸೇರಿ ಹಳೆಯ ಪುರಾಣಗಳನ್ನು ಮತ್ತೆ ಕೈಗೆತ್ತಿಕೊಂಡಿದ್ದರು. ಯೇಟ್ಸ್ ಇದ್ದರು. ಎ.ಇ. ಅನ್ನೋ ಹೆಸರಲ್ಲಿ ಬರೆಯುತ್ತಿದ್ದ ಜಾರ್ಜ್ ರಸೆಲ್ ಇದ್ದರು. ಹಗಲು ಆಫೀಸು, ಸಂಜೆ ಕವಿಗಳ ಸಹವಾಸ. ಜೇಮ್ಸ್‌ಗೆ ಇನ್ನೇನು ಬೇಕು?

ಆಗ ಅವರು ಮಾಡಿದ ಒಂದು ಕೆಲಸ ಕೇಳೋಕೆ ಬಹಳ ಸಣ್ಣದು. ಇಬ್ಬರನ್ನು ಇನ್ನೊಬ್ಬರಿಗೆ ಪರಿಚಯ ಮಾಡಿಕೊಟ್ಟರು. ಫ್ರಾಂಕ್ ಫೇ, ವಿಲಿಯಂ ಫೇ ಅಂತ ಅಣ್ಣತಮ್ಮಂದಿರು ನಾಟಕ ಆಡಿಸ್ತಾ ಇದ್ದರು. ಅವರಿಗೆ ಐರಿಷ್ ವಸ್ತುವಿನ ನಾಟಕ ಬೇಕಾಗಿತ್ತು. ಎ.ಇ. ಹತ್ರ ಒಂದು ನಾಟಕ ಇತ್ತು. ಜೇಮ್ಸ್ ಅವರನ್ನು ಒಂದುಗೂಡಿಸಿದರು. 1902ರ ಏಪ್ರಿಲ್‌ನಲ್ಲಿ ಡಬ್ಲಿನ್‌ನ ಸೇಂಟ್ ತೆರೇಸಾ ಹಾಲ್‌ನಲ್ಲಿ ಆ ನಾಟಕ ಆಯ್ತು. ಜೊತೆಗೆ ಯೇಟ್ಸ್ ಹೆಸರಿನ ‘ಕ್ಯಾಥ್ಲೀನ್ ನಿ ಹೂಲಿಹಾನ್’ ಕೂಡ. ಐರಿಷ್ ರಾಷ್ಟ್ರೀಯ ರಂಗಭೂಮಿ ಬೆಳೆದಿದ್ದು ಆ ಬೀಜದಿಂದ. 1904ರ ಕೊನೆಯಲ್ಲಿ ಬಾಗಿಲು ತೆರೆದ ಪ್ರಸಿದ್ಧ ಅಬ್ಬೆ ಥಿಯೇಟರಿನ ಬೇರು ಅಲ್ಲಿದೆ.

ಜೇಮ್ಸ್ ತಾವೂ ನಾಟಕ ಬರೆದರು. ಒಂದೆರಡು ಅದೇ ವರ್ಷ ರಂಗಕ್ಕೂ ಬಂದವು. ಆಮೇಲೆ ಅವರೊಂದು ಹಾಸ್ಯ ನಾಟಕ ಬರೆದಾಗ ಯೇಟ್ಸ್‌ಗೆ ಅದು ಸ್ವಲ್ಪವೂ ಇಷ್ಟ ಆಗಲಿಲ್ಲ, ಆಡಿಸೋಕೆ ಅಡ್ಡ ಬಂದರು. ಯೇಟ್ಸ್ ಮಾತಿಗೆ ಅಲ್ಲಿ ತೂಕ ಇತ್ತು. ನಾಟಕ ಬಿತ್ತು. ತಾನು ಒಂದುಗೂಡಿಸಿದ ಗುಂಪಿನಿಂದ ಜೇಮ್ಸ್ ಮೆಲ್ಲಗೆ ಹೊರಗಾದರು. ನಾವೇ ಶುರು ಮಾಡಿದ ವಾಟ್ಸಾಪ್ ಗ್ರೂಪಲ್ಲಿ ನಮ್ಮ ಮೆಸೇಜಿಗೆ ಯಾರೂ ಉತ್ತರ ಕೊಡದೆ ಇದ್ದಾಗ ಆಗುತ್ತಲ್ಲ, ಹಾಗೆ.

ಜೇಮ್ಸ್‌ಗೆ 1903ರಲ್ಲಿ ಮದುವೆಯಾಗಿತ್ತು. ಹುಡುಗಿ ಮಾರ್ಗರೆಟ್ ಗಿಲೆಸ್ಪಿ, ಮನೆಯವರಿಗೆ ಗ್ರೆಟಾ. ಸಂಗೀತದಲ್ಲಿ ಪದವಿ ಪಡೆದವರು. ಗಂಡ ಹೆಂಡತಿ ಇಬ್ಬರೂ ಸಸ್ಯಾಹಾರಿಗಳು. ಆ ಕಾಲದ ಡಬ್ಲಿನ್‌ನಲ್ಲಿ ಇದೊಂದು ವಿಚಿತ್ರ. ಅವರ ಮನೆಗೆ ಬಂದು ಹೋಗುತ್ತಿದ್ದ ಯುವಕರಲ್ಲಿ ಒಬ್ಬರಿಗೆ 22 ವರ್ಷ, ಒಳ್ಳೆಯ ಕಂಠ, ಜೇಬಲ್ಲಿ ದುಡ್ಡಿಲ್ಲ. ಹೆಸರು ಜೇಮ್ಸ್ ಜಾಯ್ಸ್.

1904ರ ಜೂನ್ ತಿಂಗಳ ಮಧ್ಯದಲ್ಲಿ ಜಾಯ್ಸ್‌ಗೆ ಇರೋಕೆ ಜಾಗ ಇರಲಿಲ್ಲ. ಕಸಿನ್ಸ್ ದಂಪತಿ ತಮ್ಮ ಮನೆಯಲ್ಲಿ ಇಟ್ಟುಕೊಂಡರು. ಜಾಯ್ಸ್ ಇದ್ದಿದ್ದು ಕೆಲವೇ ದಿನ. ಆ ಮನೆಯ ಸಸ್ಯಾಹಾರವೂ ಒಗ್ಗಲಿಲ್ಲ, ಆ ಸಜ್ಜನಿಕೆಯ ವಾತಾವರಣವೂ ಒಗ್ಗಲಿಲ್ಲ. ಆದರೆ ಆ ದಿನಗಳು ಸಾಹಿತ್ಯ ಚರಿತ್ರೆಯಲ್ಲಿ ಉಳಿದುಬಿಟ್ಟವು. ಜಾಯ್ಸ್ ಕಾದಂಬರಿ ‘ಯೂಲಿಸಿಸ್’ ನಡೆಯೋದು 1904ರ ಜೂನ್ 16ರ ಒಂದೇ ದಿನದಲ್ಲಿ. 1922ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಯುವ ನಾಯಕ ತಾನು ಯಾರ್ಯಾರಿಗೆ ಎಷ್ಟೆಷ್ಟು ಸಾಲ ಕೊಡಬೇಕು ಅಂತ ಮನಸ್ಸಲ್ಲೇ ಲೆಕ್ಕ ಹಾಕ್ತಾನೆ. ಆ ಪಟ್ಟಿಯಲ್ಲಿ ಕಸಿನ್ಸ್ ಹೆಸರಿದೆ. ಹತ್ತು ಶಿಲ್ಲಿಂಗ್.

ಇನ್ನೊಂದು ಕಡೆಯೂ ಇದೆ. 1912ರಲ್ಲಿ ಡಬ್ಲಿನ್‌ನ ಪ್ರಕಾಶಕರೊಬ್ಬರ ಬಳಿ ಜಾಯ್ಸ್ ಕಥೆಗಳ ಪುಸ್ತಕ ಹೊರಬರದೆ ನಿಂತು, ಅಚ್ಚಾದ ಹಾಳೆಗಳೂ ನಾಶವಾದವು. ಸಿಟ್ಟಲ್ಲಿ ಜಾಯ್ಸ್ ಒಂದು ಅಣಕು ಪದ್ಯ ಬರೆದರು. ಅದೇ ಪ್ರಕಾಶಕರು ಹೊರತಂದಿದ್ದ ಕಸಿನ್ಸ್ ಕವಿತೆಗಳ ಬಗ್ಗೆ ಅದರಲ್ಲಿ ಒಂದು ಒರಟು ತಮಾಷೆ ಇದೆ. ಇವತ್ತು ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಕಸಿನ್ಸ್ ಹೆಸರು ಗೊತ್ತಿದ್ದರೆ ಬಹಳ ಸಲ ಹೀಗೇ ಗೊತ್ತಿರೋದು, ಒಂದು ಸಾಲದ ಪಟ್ಟಿ ಮತ್ತು ಒಂದು ಬೈಗುಳದಿಂದ. ಆಶ್ರಯ ಕೊಟ್ಟ ಮನೆ ಅಡಿಟಿಪ್ಪಣಿ ಆಯ್ತು.

ಇಲ್ಲಿ ಗ್ರೆಟಾ ಕಥೆ ಹೇಳಲೇಬೇಕು, ಯಾಕಂದ್ರೆ ಆ ಪುಸ್ತಕಕ್ಕೆ ಬೆನ್ನೆಲುಬು ಅವರೇ. 1908ರಲ್ಲಿ ಅವರು ಹ್ಯಾನಾ ಶೀಹಿ ಸ್ಕೆಫಿಂಗ್ಟನ್ ಜೊತೆ ಸೇರಿ ಹೆಂಗಸರಿಗೂ ವೋಟು ಬೇಕು ಅಂತ ಐರಿಷ್ ಸಂಘಟನೆ ಕಟ್ಟಿದರು. 1910ರಲ್ಲಿ ಲಂಡನ್‌ನಲ್ಲಿ ಸರ್ಕಾರಿ ಕಿಟಕಿಗೆ ಕಲ್ಲು ಹೊಡೆದು ಜೈಲಿಗೆ ಹೋದರು. 1913ರಲ್ಲಿ ಐರ್ಲೆಂಡಿನಲ್ಲೇ ಇನ್ನೊಂದು ಸಲ ಜೈಲು, ಅಲ್ಲಿ ಉಪವಾಸ. ಗಂಡ ಏನ್ ಮಾಡ್ತಿದ್ರು ಅಂತೀರಾ? ಹ್ಯಾನಾ ಅವರ ಗಂಡ ಫ್ರಾನ್ಸಿಸ್ ಜೊತೆ ಸೇರಿ 1912ರಲ್ಲಿ ಈ ಹೋರಾಟಕ್ಕೆ ಅಂತಲೇ ‘ಐರಿಷ್ ಸಿಟಿಜನ್’ ಪತ್ರಿಕೆ ಶುರು ಮಾಡಿದರು.

ಆದರೆ ಡಬ್ಲಿನ್‌ನಲ್ಲಿ ಮೇಷ್ಟ್ರ ಸಂಬಳ ಸಾಲುತ್ತಿರಲಿಲ್ಲ, ಸಾಹಿತ್ಯದಲ್ಲಿ ಜಾಗ ಇರಲಿಲ್ಲ. 1913ರಲ್ಲಿ ಇಬ್ಬರೂ ಲಿವರ್‌ಪೂಲ್‌ಗೆ ಹೊರಟರು. ಅಲ್ಲಿಂದ 1915ರಲ್ಲಿ ಅನಿ ಬೆಸೆಂಟ್ ಕರೆದರು ಅಂತ ಮದ್ರಾಸಿಗೆ. ಬೆಸೆಂಟ್ ನಡೆಸುತ್ತಿದ್ದ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ಜೇಮ್ಸ್‌ಗೆ ಸಾಹಿತ್ಯ ವಿಭಾಗದ ಉಪಸಂಪಾದಕ ಕೆಲಸ.

ಆ ಕೆಲಸ ಒಂದು ವರ್ಷವೂ ಉಳಿಯಲಿಲ್ಲ. 1916ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದಿತು. ಈಸ್ಟರ್ ದಂಗೆ ಅಂತಾರೆ. ಗುಂಡಿಟ್ಟು ಕೊಂದ ನಾಯಕರಲ್ಲಿ ಪಿಯರ್ಸ್, ಮ್ಯಾಕ್‌ಡೋನಾ, ಪ್ಲಂಕೆಟ್ ಮೂವರೂ ಕವಿಗಳು. ಜೇಮ್ಸ್ ಜೊತೆ ಪತ್ರಿಕೆ ನಡೆಸಿದ ಗೆಳೆಯ ಫ್ರಾನ್ಸಿಸ್ ದಂಗೆಯಲ್ಲಿ ಇರಲೇ ಇಲ್ಲ. ಶಾಂತಿವಾದಿ ಅವರು. ಬೀದಿಯಲ್ಲಿ ಲೂಟಿ ತಡೆಯೋಕೆ ಓಡಾಡ್ತಿದ್ದವರನ್ನು ಹಿಡಿದು, ವಿಚಾರಣೆ ಇಲ್ಲದೆ ಗುಂಡು ಹಾರಿಸಿ ಕೊಂದರು. ಮದ್ರಾಸಿನಲ್ಲಿ ಕೂತಿದ್ದ ಜೇಮ್ಸ್ ದಂಗೆಯನ್ನು ಮೆಚ್ಚಿ ಬರೆದರು. ಬ್ರಿಟಿಷ್ ಸರ್ಕಾರದ ಕಣ್ಣು ಆ ಪತ್ರಿಕೆ ಮೇಲೆ ಮೊದಲೇ ಇತ್ತು. ಕೆಲಸ ಹೋಯ್ತು.

ಬೆಸೆಂಟ್ ಅವರನ್ನು ಕೈಬಿಡಲಿಲ್ಲ. ಮದನಪಲ್ಲಿಯ ಥಿಯಾಸಫಿಕಲ್ ಕಾಲೇಜಿಗೆ ಕಳಿಸಿದರು. ಮದನಪಲ್ಲಿ ಅಂದ್ರೆ ನಮ್ಮ ಕೋಲಾರ, ಚಿಂತಾಮಣಿ ಕಡೆಯಿಂದ ಬಹಳ ದೂರ ಏನಲ್ಲ. 1919ರ ಫೆಬ್ರವರಿಯಲ್ಲಿ ಅಲ್ಲಿಗೆ ಟ್ಯಾಗೋರ್ ಬಂದು ಉಳಿದರು. ಒಂದು ಸಂಜೆ ಮಕ್ಕಳ ಮುಂದೆ ತಮ್ಮದೊಂದು ಹಾಡು ಹಾಡಿದರು, ‘ಜನ ಗಣ ಮನ’. ಸಂಗೀತ ಓದಿದ್ದ ಗ್ರೆಟಾ ಅದರ ಧಾಟಿಯನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿಟ್ಟುಕೊಂಡರು. ಟ್ಯಾಗೋರ್ ಅಲ್ಲೇ, ಫೆಬ್ರವರಿ 28ರಂದು, ಹಾಡನ್ನು ಇಂಗ್ಲಿಷಿಗೆ ತಂದರು. ಅದು ನಮ್ಮ ರಾಷ್ಟ್ರಗೀತೆ ಅಂತ ಘೋಷಣೆಯಾಗಿದ್ದು 1950ರ ಜನವರಿಯಲ್ಲಿ. ಕಸಿನ್ಸ್ ದಂಪತಿಯ ಪುಸ್ತಕ ಬಂದ ವರ್ಷವೂ ಅದೇ.

ಇಲ್ಲಿ ಒಂದು ವಿಷಯ ಗಮನಿಸಿ. ಜೇಮ್ಸ್ ಎಲ್ಲಿ ಹೋದರೂ ಅವರ ಪಕ್ಕದಲ್ಲಿ ಇನ್ನೊಬ್ಬರ ದೊಡ್ಡ ಕೆಲಸ ಹುಟ್ಟತ್ತೆ. ಅವರ ಒಂದು ವಿಮರ್ಶೆಯ ಪುಸ್ತಕ ಓದಿ ಶ್ರೀ ಅರವಿಂದರು ಬರೆಯೋಕೆ ಕೂತರು. ಅದು ಲೇಖನಮಾಲೆಯಾಗಿ ಬೆಳೆದು ‘ದ ಫ್ಯೂಚರ್ ಪೊಯೆಟ್ರಿ’ ಆಯ್ತು. ಅರವಿಂದರ ಪುಸ್ತಕ ಈಗಲೂ ಓದ್ತಾರೆ. ಅದಕ್ಕೆ ಕಾರಣವಾದ ಪುಸ್ತಕವನ್ನು ಹುಡುಕಬೇಕು.

ಈಗ ಮೈಸೂರಿಗೆ ವಾಪಸ್ ಬರೋಣ. 1924ರಲ್ಲಿ ಜೇಮ್ಸ್ ಮೈಸೂರಲ್ಲಿ ಇದ್ದರು. ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ರೂಪಿಸಿದ್ದರಲ್ಲಿ ಅವರ ಕೈ ಇದೆ. ಮುಂದಿನ ಸಲ ಅಲ್ಲಿಗೆ ಹೋದಾಗ ನೆನಪಿಸಿಕೊಳ್ಳಿ. ವಯಸ್ಸು ಐವತ್ತರ ಆಸುಪಾಸು. ತನ್ನ ಊರಲ್ಲಿ ಕವಿ ಅಂತ ಹೆಸರು ನಿಲ್ಲಲಿಲ್ಲ ಅನ್ನೋದು ಅಷ್ಟು ಹೊತ್ತಿಗೆ ಅವರಿಗೂ ಗೊತ್ತಿತ್ತು. ಅಂಥ ಮನುಷ್ಯನ ಮುಂದೆ 19ರ ಹುಡುಗ ಇಂಗ್ಲಿಷ್ ಪದ್ಯ ಹಿಡ್ಕೊಂಡು ನಿಂತಿದ್ದಾರೆ.

ಮೊದಲು ಈ ಕಥೆ ಕೇಳಿದಾಗೆಲ್ಲ ನನಗೆ ಸ್ವಲ್ಪ ಕಿರಿಕಿರಿ ಆಗ್ತಿತ್ತು. ಬಿಳಿಯರೊಬ್ಬರು ಬಂದು ನಿಮ್ಮ ಭಾಷೆಯಲ್ಲಿ ಬರೀರಿ ಅಂತ ಹೇಳೋದು, ನಾವು ಅದನ್ನು ನೂರು ವರ್ಷ ನೆನಪಿಟ್ಟುಕೊಳ್ಳೋದು. ನಮ್ಮ ಭಾಷೆ ದೊಡ್ಡದು ಅನ್ನೋಕೂ ಹೊರಗಿನವರ ಸರ್ಟಿಫಿಕೇಟ್ ಬೇಕಾ?

ಪುಸ್ತಕ ಓದಿದ ಮೇಲೆ ಆ ಕಿರಿಕಿರಿ ಹೋಗಲಿಲ್ಲ, ಆದರೆ ಪಕ್ಕದಲ್ಲಿ ಇನ್ನೊಂದು ಭಾವನೆ ಬಂದು ಕೂತಿದೆ. ಅವರು ಇಂಗ್ಲೆಂಡಿನವರಲ್ಲ. ಭಾಷೆ ಕಳ್ಕೊಂಡ ದೇಶದವರು. ಐರಿಷ್ ಪುರಾಣಗಳನ್ನು ಅವರು ಇಂಗ್ಲಿಷಿನಲ್ಲೇ ಬರೆಯಬೇಕಾಯ್ತು, ಯಾಕಂದ್ರೆ ಅವರ ಮನೆಮಾತು ಅದೇ ಆಗಿಹೋಗಿತ್ತು. ಯೇಟ್ಸ್ ಕಥೆಯೂ ಅದೇ. ಜಾಯ್ಸ್ ಸ್ವಲ್ಪ ದಿನ ಐರಿಷ್ ಕ್ಲಾಸಿಗೆ ಹೋಗಿ ಬಿಟ್ಟುಬಿಟ್ಟರು. ಅವರೆಲ್ಲ ಇಂಗ್ಲಿಷನ್ನು ತಮ್ಮದಾಗಿ ಮಾಡಿಕೊಂಡು ಅದ್ಭುತವಾಗಿ ಬರೆದರು, ಅದು ನಿಜ. ಹಾಗಾಗಿ ಇಂಗ್ಲಿಷಿನಲ್ಲಿ ಬರೆದರೆ ತಪ್ಪು ಅಂತ ನಾನು ಹೇಳಲ್ಲ. ಆದರೆ ಅವರಿಗೆ ಬೇರೆ ದಾರಿ ಇರಲಿಲ್ಲ. ಮೈಸೂರಿನ ಆ ಹುಡುಗನಿಗೆ ಇತ್ತು. ಮನೆಯಲ್ಲಿ, ಬೀದಿಯಲ್ಲಿ, ಮಲೆನಾಡಿನ ಊರಲ್ಲಿ ಎಲ್ಲ ಕಡೆ ಜೀವಂತವಾಗಿರುವ ಭಾಷೆ. ಕಳ್ಕೊಂಡವರಿಗೆ ಇರುವವರ ಕೈಯಲ್ಲಿರೋದು ಬೇಗ ಕಾಣತ್ತೆ. ಆ ಪ್ರಶ್ನೆ ಅಲ್ಲಿಂದ ಬಂತು ಅಂತ ನನಗನ್ನಿಸತ್ತೆ.

ಕಸಿನ್ಸ್ ದಂಪತಿ ಐರ್ಲೆಂಡಿಗೆ ಮರಳಿ ಹೋಗಿ ನೆಲೆಸಲಿಲ್ಲ. ಗ್ರೆಟಾ 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟುಹಾಕಿದವರಲ್ಲಿ ಮುಖ್ಯರು. 1932ರಲ್ಲಿ ವಾಕ್ ಸ್ವಾತಂತ್ರ್ಯಕ್ಕಾಗಿ ಮಾತಾಡಿ ವೆಲ್ಲೂರು ಜೈಲು ಸೇರಿದರು. ಮೂರು ದೇಶಗಳ ಜೈಲು ಕಂಡವರು. ಜೇಮ್ಸ್ ಕವಿತೆಗಳ ಸಮಗ್ರ ಸಂಪುಟವನ್ನು 1940ರಲ್ಲಿ ಅಡ್ಯಾರಿನ ಕಲಾಕ್ಷೇತ್ರ ತಂದಿತು. 1943ರ ಹೊತ್ತಿಗೆ ಗ್ರೆಟಾಗೆ ಪಾರ್ಶ್ವವಾಯು ಹೊಡೆಯಿತು. ಅದಾದ ಮೇಲೆ ಬಂದ ಪುಸ್ತಕ ಈ ‘ನಾವಿಬ್ಬರೂ’. ಅವರು 1954ರಲ್ಲಿ ತೀರಿಕೊಂಡರು, ಜೇಮ್ಸ್ 1956ರಲ್ಲಿ, ಮದನಪಲ್ಲಿಯಲ್ಲಿ.

ಅವರ ಕವಿತೆ ಇವತ್ತು ಹೆಚ್ಚು ಜನ ಓದಲ್ಲ. ನಾನೂ ಒಂದಷ್ಟು ಓದಿ ನಿಲ್ಲಿಸಿದೆ, ಸುಳ್ಳು ಹೇಳಲ್ಲ. ಆದರೆ ಆ ದಪ್ಪ ಪುಸ್ತಕ ಪೂರ್ತಿ ಓದಿದೆ. ಓದಿ ಮುಗಿಸಿದ ರಾತ್ರಿ ಏಳನೇ ಕ್ಲಾಸಿನ ಆ ಗೆಳತಿಗೆ ಮೆಸೇಜ್ ಮಾಡಿದೆ. ‘ನಿನ್ನ ಹೆಸರು ಬರೆದಿದ್ದೆ ಕಣೇ, ಸಾರಿ’ ಅಂತ. ಕನ್ನಡ ಕೀಬೋರ್ಡ್ ಅಭ್ಯಾಸ ಇಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಶುರು ಮಾಡಿ, ಅಳಿಸಿ, ಮತ್ತೆ ಕನ್ನಡದಲ್ಲಿ ಟೈಪ್ ಮಾಡಿದೆ. ಹತ್ತು ನಿಮಿಷ ಹಿಡೀತು. ಅವಳ ಉತ್ತರ ಬಂತು: ‘ಐದು ರೂಪಾಯಿ ವಾಪಸ್ ಕೊಡು.’

ನಿಮ್ಮ ಶಾಲೆಯಲ್ಲೂ ಇಂಥ ದಂಡ ಇತ್ತಾ? ಇದ್ದರೆ, ನೀವು ಹೆಸರು ಬರೆದವರಾ, ಬರೆಸಿಕೊಂಡವರಾ? ನಮಗೆ ಬರೆದು ತಿಳಿಸಿ, ಟೈಪ್ ಮಾಡೋಕೆ ಕಷ್ಟ ಆದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.